ಬೆನ್ನಿಗೆ ಬಿದ್ದ ಬಾಣ

ಕಪಾಟಿನಿಂದ ಆ ಕಾದಂಬರಿಯನ್ನು ಎಳೆದ ಕೂಡಲೇ ಹುಳು ತಿಂದ ಕಾಗದದ ಒಗರು ವಾಸನೆ ಮೂಗಿಗೆ ಬಡಿಯಿತು. ಬೆಳಿಗ್ಗೆ ಸಂಪಾದಕರೊಬ್ಬರು ಫೋನು ಮಾಡಿ, ಮಕ್ಕಳ ಸಂಕಲನಕ್ಕೆ ನನ್ನ ಸಣ್ಣಕತೆಯೊಂದನ್ನು ಕೇಳಿದ್ದರು. 'ನನ್ನ' ಎಂದೆನಲ್ಲ, ನೋಡಿ, ತಕರಾರು ಇರುವುದೇ ಅಲ್ಲಿ. ಆ ಕತೆ ಹುಟ್ಟಿದ್ದು ಈ ಆರುನೂರು ಪುಟಗಳ ಹೊಟ್ಟೆಯಲ್ಲಿ. ಈ ಕಾದಂಬರಿ ಬರೆದವರು ಕೊಕ್ಕರ್ಣೆಯ ಸರೋಜಕ್ಕ.

ಸರೋಜಕ್ಕ ಪ್ರಾಥಮಿಕ ಶಾಲೆಯ ಟೀಚರು. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಕೋಟೆಗಾಗಿ ಹಿಂದೆಂದೋ ನಡೆದ ಯುದ್ಧದ ಬಗ್ಗೆ ಹನ್ನೊಂದು ವರ್ಷ ಕೂತು ಬರೆದರು. ಅದರಲ್ಲೊಂದು ಅಧ್ಯಾಯ ಅವರ ಮನೆತನದ ಹಿರಿಯ ತಿಮ್ಮನದು. ಉಳುತ್ತಿದ್ದವನನ್ನು ಗದ್ದೆಯಿಂದ ಎಳೆದೊಯ್ದು ಕೈಗೆ ಈಟಿ ಕೊಟ್ಟರು. ಕಾಳಗದ ನಡುವೆ ಅವನು ಈಟಿ ಬಿಸಾಡಿ ಮನೆಯ ದಿಕ್ಕಿಗೆ ಓಡಿದ. ಅವನ ದಳಪತಿಯೇ ಬೆನ್ನಿಗೆ ಬಾಣ ಬಿಟ್ಟ. ಅಂದಿನಿಂದ ಊರಿನವರ ಬಾಯಲ್ಲಿ ಅವರ ಮನೆಯ ಹೆಸರೇ 'ಓಡಿದವ್ನ ಮನೆ'.

"ಓಡಿದ್ದ್ ಹೌದ್. ಮನಿಗ್ ಬಪ್ಪುಕೆ ಓಡಿದ್ದ್. ಅದ್ರಗೆ ನಾಚ್ಕಿ ಎಂತಕೆ?" ಎನ್ನುತ್ತಿದ್ದರು ಸರೋಜಕ್ಕ. ಇಷ್ಟು ಹೇಳುವುದಕ್ಕೇ ಅವರು ಆರುನೂರು ಪುಟ ಬರೆದದ್ದೆಂದು ನನಗೆ ಹೊಳೆದದ್ದು ತಡವಾಗಿ.

ಪತ್ರಿಕೆಯೊಂದರ ವಿಶೇಷಾಂಕದವರು ಆ ಅಧ್ಯಾಯವನ್ನು ಎಂಟು ಪುಟದ ಕತೆ ಮಾಡಿಕೊಡಿ ಎಂದು ನನ್ನನ್ನು ಕೇಳಿದಾಗ ನಾನು ಕುಂದಾಪುರದಲ್ಲಿ ಕನ್ನಡ ಮೇಷ್ಟ್ರು. ಕತೆಯ ಕಸುಬನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬ ಜಂಬ ಬೇರೆ. ಸರೋಜಕ್ಕ ಒಪ್ಪಿದರು. "ಸಣ್ಣ ಮಾಡಿ, ಅಡ್ಡಿಲ್ಲ. ತಿಮ್ಮನ್ನ ಮಾತ್ರ ಬದ್ಲ್ ಮಾಡ್ಬೇಡಿ."

ಕತ್ತರಿಸುತ್ತ ಹೋದೆ. ಗದ್ದೆಯಲ್ಲಿ ನಾಟಿಗೆ ಬೆಳೆದು ನಿಂತ ನೇಜಿ ಹೋಯಿತು, ಮಗನಿಗಾಗಿ ಕಾದು ಕೂತ ತಾಯಿ ಹೋದಳು. ಕೊನೆಗೆ ಉಳಿದದ್ದು ಓಡುವ ತಿಮ್ಮ. ಓಡುವವನ ಮೇಲೆ ಕತೆ ಮುಗಿಸುವುದು ಸಪ್ಪೆ ಎನಿಸಿತು. ಅವನನ್ನು ವೈರಿಗೆ ಎದುರಾಗಿ ತಿರುಗಿಸಿದೆ, ಬಾಣವನ್ನು ಎದೆಗೆ ನಾಟಿಸಿದೆ. ಸಾಯುವಾಗ ತಾಯ್ನೆಲದ ಬಗ್ಗೆ ಒಂದು ಮಾತನ್ನೂ ಆಡಿಸಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಬ್ರಹ್ಮಾವರದ ಸಭೆಯೊಂದರಲ್ಲಿ ಕತೆ ಓದಿದೆ. ಚಪ್ಪಾಳೆಯೋ ಚಪ್ಪಾಳೆ. ಎರಡನೇ ಸಾಲಿನಲ್ಲಿದ್ದ ಸರೋಜಕ್ಕ ಎಲ್ಲರೂ ಹೋಗುವ ತನಕ ಕಾದು ಹತ್ತಿರ ಬಂದರು.

"ಬೆನ್ನಿಗ್ ಬಿದ್ದ್ ಬಾಣ ಎದಿಗ್ ಹ್ಯಾಂಗ್ ಬಂತ್ ಮಾರಾಯ್ರೆ?"

"ಸಣ್ಣಕತೆಗೆ ಒಂದು ಎತ್ತರ ಬೇಕಲ್ಲ ಅಕ್ಕ."

"ಹಾಂಗಾರೆ ಓಡಿ ಸತ್ತವ ತಗ್ಗಾ?"

ಉತ್ತರಕ್ಕೆ ಕಾಯದೆ ಬಸ್ಸಿಗೆ ಹೋದರು. ಆಮೇಲೆ ನನ್ನ ಎರಡು ಕಾಗದಗಳಿಗೆ ಜವಾಬು ಬರಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಸುದ್ದಿ ತಿಳಿದೂ ನಾನು ಹೋಗಲಿಲ್ಲ.

ಈ ಸಲ, ಬೆಳಿಗ್ಗೆ ಫೋನು ಮಾಡಿದ ಸಂಪಾದಕರಿಗೆ, ಆ ಕತೆ ಕೊಡುವುದಿಲ್ಲವೆಂದೇ ಹೇಳುವುದೆಂದು ಗಟ್ಟಿ ಮಾಡಿದೆ. ಅದನ್ನು ಸರೋಜಕ್ಕನ ಮನೆಯಲ್ಲೂ ತಿಳಿಸಿದರೆ ಎದೆಭಾರ ಸ್ವಲ್ಪ ಇಳಿದೀತೆಂಬ ಸ್ವಾರ್ಥದಿಂದ ಮರುದಿನ ಕೊಕ್ಕರ್ಣೆಗೆ ಹೋದೆ. ಅವರ ತಮ್ಮನ ಮಗ ಕುರ್ಚಿ ಹಾಕಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಗಾಬರಿಯಿಂದ ಎದ್ದು ನಿಂತ.

"ಬ್ಯಾಡ ಸರ್, ತೆಗೀಬೇಡಿ. ನಿಮ್ಮ್ ಕತೆ ಬಂದ್ ಮೇಲೆ ನಮ್ಮನ್ನ ಯಾರೂ 'ಓಡಿದವ್ನ ಮನೆ' ಅಂಬ ಹೆಸ್ರಲ್ಲಿ ಕರೂದಿಲ್ಲ. ನನ್ನ ಮಗ್ಳ್ ಶಾಲೆಯಗೆ 'ನಮ್ಮಜ್ಜ ಎದಿಗ್ ಬಾಣ ತಕಂಡವ' ಅಂದ್ಹೇಳಿ ಭಾಷಣ ಮಾಡಿದ್ಲ್."

"ನಿಮ್ಮ ಅತ್ತೆ ಬರೆದದ್ದು?"

"ಅಷ್ಟ್ ದೊಡ್ಡ್ ಪುಸ್ತಕ ಓದುಕೆ ಯಾರಿಗ್ ಪುರ್ಸೊತ್ತಿತ್ತ್ ಸರ್?"

ಕೊಟ್ಟ ಚಹಾ ಕುಡಿದು ಅಂಗಳ ಇಳಿದೆ. ಬಸ್ಸಿನಲ್ಲಿ ಕೂತು ಸಂಪಾದಕರಿಗೆ ಒಪ್ಪಿಗೆ ಕಳಿಸಿದೆ. ನಾನು ಹೇಳಿದ ಸುಳ್ಳನ್ನು ವಾಪಸು ಪಡೆಯುವ ಹಕ್ಕೂ ನನಗೀಗ ಉಳಿದಿಲ್ಲ.