ಒಗ್ಗರಣೆ ಇಲ್ಲದ ಮನೆಯ ಅತ್ತೆ

ನನ್ನ ಸೋದರತ್ತೆಯ ಹೆಬ್ಬೆರಳ ಉಗುರು ವರ್ಷವಿಡೀ ಹಸಿರು. ಹಿಪ್ಪುನೇರಳೆ ಸೊಪ್ಪು ಚಿವುಟಿ ಚಿವುಟಿ ಒಳಗಿಳಿದ, ಎಷ್ಟು ಉಜ್ಜಿದರೂ ಹೋಗದ ಹಸಿರು. ಅಂಗೈ ಮಾತ್ರ ಸುಣ್ಣದ ಪುಡಿಗೆ ಒಣಗಿ, ಎತ್ತಿಕೊಂಡ ಮಗು ಅಳುವಷ್ಟು ಒರಟು. ಅದೇ ಕೈಯಲ್ಲಿ ಕೋಳಿಗರಿ ಹಿಡಿದು ಕಂಡೂ ಕಾಣದಂಥ ಎಳೆ ಹುಳುಗಳನ್ನು ತಟ್ಟೆಯಿಂದ ತಟ್ಟೆಗೆ ಸರಿಸುವಾಗ ಅವಳು ಉಸಿರನ್ನೂ ಬಿಗಿಹಿಡಿಯುತ್ತಿದ್ದಳು.

ಕಿರುಗಾವಲಿನ ಪಕ್ಕದ ಹಳ್ಳಿಯಲ್ಲಿ ಅವಳದು ಚಾಕಿ ಮನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಗಳು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಮನೆ. ಒಂದಿಷ್ಟನ್ನು ತಾನೇ ಇಟ್ಟುಕೊಂಡು ಗೂಡು ಕಟ್ಟಿಸಿ ಮಾರುತ್ತಿದ್ದಳು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರ ಬಂದ ಮಕ್ಕಳ ಹತ್ತಿರ ಹೇಗಿರಬೇಕೋ ಹಾಗೇ ಇರಬೇಕು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಬೀಡಿ ಇಲ್ಲ, ಸೆಂಟು ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಒಗ್ಗರಣೆ ಇಲ್ಲ. ಸಾಸಿವೆ ಸಿಡಿದ ಘಾಟು ಹುಳುವಿಗೆ ತಾಕಿದರೆ ಬೆಳೆ ಹೋಯಿತು ಅನ್ನುವುದು ಅವಳ ನಂಬಿಕೆ. ಅವಳ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದ ನಾನು ಬರೀ ಬೇಯಿಸಿದ ಸಾರು ಉಂಡು ಬೆಳೆದವನು. ನನ್ನ ಬುದ್ಧಿಯೂ ಸಪ್ಪೆಯಾಗಿದ್ದಕ್ಕೆ ಅದೇ ಕಾರಣ ಎಂದು ಮೇಷ್ಟ್ರ ಮುಂದೆ ವಾದಿಸಿದ್ದೇನೆ.

ನಾನು ಕಸುಬಿನಲ್ಲಿ ಮಿಮಿಕ್ರಿಯವನು. ಮದ್ದೂರಿನ ಕಡೆಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುವವರು ನೀರು ಕುಡಿಯುವ ಹೊತ್ತಿಗೆ ನನ್ನನ್ನು ವೇದಿಕೆಗೆ ತಳ್ಳುತ್ತಾರೆ. ಬಸ್ ಕಂಡಕ್ಟರು, ಪೂಜಾರಿ, ಕುಡಿದ ಬೀಗರು, ಯಾರನ್ನೂ ಬಿಟ್ಟಿಲ್ಲ. ಹುಳುಗಳು ರಾಶಿ ಸೊಪ್ಪು ಮೇಯುವಾಗ ಮಳೆ ಹನಿದಂತೆ ಬರುವ ಸದ್ದನ್ನೂ ನಾಲಿಗೆಯಲ್ಲಿ ಮಾಡುತ್ತೇನೆ. ಅತ್ತೆಯ ದನಿಯಂತೂ ಅವಳಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು. ಒಮ್ಮೆ ಹಿತ್ತಲಲ್ಲಿ ನಿಂತು ಅವಳ ಹಾಗೆ ಕೂಗಿದೆ, ಮಾವ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಓಡಿ ಬಂದರು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ.

"ನನ್ನಂಗೆ ಮಾತಾಡೋದು ಕಲ್ತೆ. ನನ್ನಂಗೆ ಸೊಪ್ಪು ಆಕೋದು ಯಾವಾಗ್ಲಾ ಕಲ್ಯೋದು, ಕೋಡಂಗಿ?"

ರೋಗ ತಾಕದಂತೆ ಹುಳುವಿಗೆ ಉದುರಿಸುವ ಪುಡಿ ಮಾಡುವ ಕಂಪನಿಯೊಂದು, ತನ್ನ ಪುಡಿ ಹೆಚ್ಚು ಖರ್ಚು ಮಾಡಿಸಿದ ಚಾಕಿಯವರನ್ನು ಜೋಡಿಯಾಗಿ ವಿಯೆಟ್ನಾಮಿಗೆ ಕಳಿಸಿತು. ಮಾವ ಮುತ್ತತ್ತಿಯ ತಿರುವಿನಲ್ಲೇ ವಾಂತಿ ಮಾಡುವ ಆಸಾಮಿ. ಹಾಗಾಗಿ ಅವರ ಜಾಗಕ್ಕೆ ನಾನು.

ಕಾವ್ ಬಾಂಗ್ ಎಂಬುದು ಚೀನಾಕ್ಕೆ ಬೆನ್ನು ಹಚ್ಚಿ ಕೂತ ಬೆಟ್ಟದ ಸೀಮೆ. ಅಲ್ಲೊಂದು ಜಲಪಾತ. ಅರ್ಧ ಇವರದು, ಅರ್ಧ ಚೀನಾದವರದು ಎಂದ ಗೈಡು. ನೀರು ಕಂಡು ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಅತ್ತೆ ಕೇಳಿದ್ದು ಒಂದೇ.

"ನೀರು ಅರ್ಧರ್ಧ ಅಂತೀಯ. ಗಲಾಟೆ ಆಗಾಕಿಲ್ವಾ? ರಸ್ತೆ ತಡೆ ಗಿಸ್ತೆ?"

ಮಂಡ್ಯದವಳು, ಬೇರೇನು ಕೇಳಿಯಾಳು!

ಗುಂಪಿನವರೆಲ್ಲ ಚೀಲದಿಂದ ಪುಳಿಯೋಗರೆ ಗೊಜ್ಜು ತೆಗೆದರೆ ನನ್ನತ್ತೆ ಎದುರಿಗೆ ಬಂದದ್ದನ್ನೆಲ್ಲ ಉಂಡಳು. ನನಗೆ ಮೊದಲ ಆಘಾತ ಅದೇ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಅಕ್ಕಿ ಹಿಟ್ಟನ್ನು ತೆಳ್ಳಗೆ ಹುಯ್ದು ಹಬೆಯಲ್ಲಿ ಬೇಯಿಸಿ, ಸುರುಳಿ ಸುತ್ತಿ, ಮೂಳೆಯ ರಸದಲ್ಲಿ ಅದ್ದಿ ಕೊಟ್ಟರು. ಬಟ್ಟಲು ಎತ್ತಿ ಕೊನೆಯ ಗುಟುಕನ್ನೂ ಹೀರಿ, "ನಮ್ ಕಾಲ್‌ಸೂಪೇ ಕಣ್ಲಾ, ಖಾರ ಆಕೋದು ಮರ್ತವ್ರೆ" ಎಂದಳು. ಸುಟ್ಟ ಚೆಸ್ಟ್‌ನಟ್ ಕಾಯಿ ಹಲಸಿನ ಬೀಜದ ತಂಗಿ. ಇಡೀ ಸುಟ್ಟ ಬಾತುಕೋಳಿಯ ಹೊಟ್ಟೆಯಲ್ಲಿ ಅದೇನೋ ಘಮಘಮ ಎಲೆ. ಜೊತೆಗೆ ಹಸಿ ಸೊಪ್ಪಿನ ತಟ್ಟೆ ಇಟ್ಟಾಗ ಅವಳು ನನ್ನ ಕಡೆ ತಿರುಗಿ, "ನನ್ನೂ ಹುಳ ಅಂದ್ಕಂಡವ್ರಾ?" ಎಂದು ಅಷ್ಟನ್ನೂ ಮೇದಳು.

ಕೊನೆಯ ದಿನ ನಾವು ತಂಗಿದ್ದು ಮರದ ಕಂಬಗಳ ಮೇಲೆ ನಿಂತ ಒಂದು ಮನೆಯಲ್ಲಿ. ಮನೆಯಾಕೆ ಅತ್ತೆಯ ವಾರಿಗೆಯವಳು. ಊಟದ ಮಧ್ಯೆ ಎರಡೂ ಕೈಯಲ್ಲಿ ಒಂದು ತಟ್ಟೆ ಹಿಡಿದು ತಂದು, ನೇರ ಅತ್ತೆಯ ಮುಂದಿಟ್ಟಳು. ಕಂದು ಬಣ್ಣದ, ಉಂಗುರ ಉಂಗುರದ, ಹೆಬ್ಬೆರಳ ತುದಿಯಷ್ಟು ದಪ್ಪದ ಕಾಳುಗಳು. ಮೇಲೆ ನಿಂಬೆ ಎಲೆಯ ಎಳೆಗಳು.

ನಾನು ಗೋಡಂಬಿ ಅಂದುಕೊಂಡು ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಹುಳ ಕಣ್ಲಾ. ಗೂಡೊಳಗಿನ ಹುಳ."

ಪುಳಿಯೋಗರೆಯವರಲ್ಲಿ ಒಬ್ಬರು ಎದ್ದು ಹೊರಗೆ ಓಡಿದರು. ಸಾಸಿವೆಯ ಹೊಗೆ ಕೂಡ ತಾಕಿಸದೆ ಸಾಕಿದ ಜೀವಗಳು ಅವಳ ಮುಂದೆ ಎಣ್ಣೆಯಲ್ಲಿ ಹುರಿದು ಕೂತಿವೆ. ಅತ್ತೆ ತಟ್ಟೆ ಎಸೆಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು, ಬೆರಳುಗಳನ್ನು ಹುಳುವಿನ ಹಾಗೆ ಆಡಿಸಿ, ಎಲ್ಲಿ ಸಾಕುತ್ತೀ ಎಂದು ಕೈಯಲ್ಲೇ ಕೇಳಿದಳು.

ಮನೆಯ ಹಿಂದೆ ಹುಳುವಿನ ಕೋಣೆ. ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ಚಪ್ಪಲಿ ಬಿಟ್ಟರು. ಒಟ್ಟಿಗೇ ನೀರಿನ ತೊಟ್ಟಿಯ ಕಡೆ ತಿರುಗಿದರು. ಒಬ್ಬಳು ಇನ್ನೊಬ್ಬಳ ಮಿಮಿಕ್ರಿ ಮಾಡುತ್ತಿದ್ದಾಳೆ ಅನ್ನಿಸಿತು ನನಗೆ. ಒಳಗೆ ಹುಳುಗಳು ತಲೆ ಎತ್ತಿ ಅಲುಗದೆ ಇದ್ದವು. ಅತ್ತೆ ಹಣೆಗೆ ಅಂಗೈ ಇಟ್ಟು ತೋರಿಸಿದಳು: ಜ್ವರ. ಆಕೆಯೂ ತುಟಿಯ ಮೇಲೆ ಬೆರಳಿಟ್ಟಳು: ಮಲಗಿವೆ.

ವಾಪಸ್ ಬಂದು ಕೂತು ಅತ್ತೆ ಒಂದನ್ನು ಎತ್ತಿದಳು. ಕಣ್ಣಿಗೊತ್ತಿಕೊಂಡಳು. ಬಾಯಿಗೆ ಹಾಕಿಕೊಂಡಳು.

"ಅತ್ತೇ!" ಎಂದೆ. ನನ್ನ ದನಿ ಯಾರದೋ ಕೋಳಿಮರಿಯ ದನಿಯ ಹಾಗೆ ಬಂತು.

"ಯಾಕ್ಲಾ ಅರಚ್ತೀಯ? ನಾನು ಗೂಡು ಮಾರಿ ಬತ್ತೀನಿ. ಯಾರೋ ಕುದಿಯೋ ನೀರಿಗೆ ಆಕಿ ನೂಲು ಎಳ್ಕತಾರೆ. ಸತ್ತಿದ್ದು ನಾರ್ತದೆ ಅಂತ ಮೂಗು ಮುಚ್ಕಂಡು ಬತ್ತೀನಿ. ಇವ್ಳು ಸಾಕಿದ್ದ ಬಿಸಾಕ್ದೆ ನೆಂಟರಿಗೆ ಬಡಿಸ್ತಾವ್ಳೆ. ನಮ್ಮಿಬ್ಬರಲ್ಲಿ ಯಾರ್ಲಾ ಪಾಪದೋಳು?"

ಆಮೇಲೆ ಇನ್ನೊಂದು ತೆಗೆದುಕೊಂಡಳು. "ಕಡ್ಲೆಕಾಯ್ ಬೀಜದಂಗೈತೆ, ತಿನ್ನು." ನಾನೂ ತಿಂದೆ. ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಅದೇ ಇನ್ನೊಂದು ಆಘಾತ.

ಊರಲ್ಲಿ ಬಾಯಿ ಬಿಡಬೇಡ ಎಂದು ವಿಮಾನದಲ್ಲೆಲ್ಲ ಅವಳನ್ನು ಬೇಡಿಕೊಂಡೆ. ಸಾಮಾನ್ಯವಾಗಿ ಅದು ಜನ ನನಗೆ ಹೇಳುವ ಮಾತು. ಅತ್ತೆ ಬಸ್ಸಿಳಿದವಳೇ ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳಿದಳು. ಸಂಜೆಗೆ ಅವಳ ಹೆಸರು 'ಹುಳ ತಿಂದೋಳು' ಆಗಿತ್ತು. ವರ್ಷವೂ ಅವಳಿಂದಲೇ ಚಾಕಿ ಮರಿ ಒಯ್ಯುತ್ತಿದ್ದ ಮೇಲಿನ ಬೀದಿಯ ರೇಷ್ಮೆಯವನಂತೂ ಕಟ್ಟೆಯ ಮೇಲೇ ಸಾರಿದ. "ಸಾಕಿದ್ ಕೈಯಲ್ಲೇ ತಿಂದವ್ಳೆ. ಇನ್ನು ಆ ಕೈಗುಣ ಮುಗೀತು. ಅವಳ ಚಾಕಿ ಯಾರೂ ತರಬೇಡಿ."

ಯಾರೂ ತರಲಿಲ್ಲ. ಅತ್ತೆ ಹೆದರಲಿಲ್ಲ. "ಈ ಸತಿ ಎಲ್ಲಾ ಹುಳಾನೂ ನಾನೇ ಸಾಕಿ ಗೂಡು ಕಟ್ಟಿಸ್ತೀನಿ ಬುಡು. ಗೂಡು ಮಾತಾಡ್ತದೆ."

ಕೊನೆಯದಾದ ನಾಲ್ಕನೇ ಜ್ವರದಿಂದ ಎದ್ದು ಹುಳುಗಳು ಹಸಿದು ಕೂತ ಬೆಳಿಗ್ಗೆ, ಅತ್ತೆ ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತಳಂತೆ. ನೀರು ಕೇಳಿದಳಂತೆ. ನೀರು ತರುವಷ್ಟರಲ್ಲಿ ಜೀವ ಇರಲಿಲ್ಲ. ಫೋನಿನಲ್ಲಿ ಮಾವ ಹೇಳಿದಾಗ, ಯಾರೋ ಅವರ ದನಿಯನ್ನು ಅಣಕಿಸಿ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. "ಸರಿಯಾಗಿ ಬರ್ಲಿಲ್ಲ ಕಣೋ" ಎಂದೂ ಅಂದುಬಿಟ್ಟೆ.

ಶಾಪ ಎಂದರು ಜನ. ಹುಳುಗಳನ್ನು ತಿಪ್ಪೆಗೆ ಸುರಿಯಿರಿ ಎಂದರು ನೆಂಟರು. ಸುರಿದರೆ ಊರಿನ ಮಾತೇ ಗೆದ್ದಂತೆ. ಅತ್ತೆ ಎಂದೆಂದಿಗೂ ಕೈಗುಣ ಕಳೆದುಕೊಂಡವಳಾಗಿಯೇ ಉಳಿಯುತ್ತಿದ್ದಳು. ಮಾವನೂ ನಾನೂ ಸೊಪ್ಪು ಹಾಕುತ್ತಾ ಹೋದೆವು.

ಮೂರನೇ ದಿನ, ಹಾಲು-ತುಪ್ಪ ಬಿಡುವ ಶಾಸ್ತ್ರಕ್ಕೆ ಮನೆ ತುಂಬ ಜನ. ಅತ್ತೆಯ ಎಡೆಗೆ ಅವಳಿಗಿಷ್ಟದ ಬಸ್ಸಾರು ಮಾಡಬೇಕೆಂದು ಹೆಂಗಸರು ಒಲೆ ಹಚ್ಚಿದ್ದರು. ನಾನು ಹಿತ್ತಲಲ್ಲಿ ಸೊಪ್ಪು ಕತ್ತರಿಸುತ್ತಿದ್ದೆ. ಚಟಪಟ ಎಂದು ಸಾಸಿವೆ ಸಿಡಿದ ಸದ್ದು, ಹಿಂದೆಯೇ ಒಣಮೆಣಸಿನಕಾಯಿಯ ಘಾಟು.

"ಯಾರೇ ಅದು ಒಗ್ಗರಣೆ ಆಕ್ತಿರೋಳು? ಒಳಗೆ ಮಕ್ಕಳವೆ, ಕಾಣಾಕಿಲ್ವಾ? ಇಳ್ಸೇ ಬಾಣ್ಲೆಯ!"

ಒಳಗೆ ಯಾರದೋ ಕೈಯಿಂದ ಸೌಟು ಬಿತ್ತು. ಜಗಲಿಯಲ್ಲಿ ಕೂತಿದ್ದ ಮಾವ ಎದ್ದು, ಹಿತ್ತಲ ಬಾಗಿಲಿಗೆ ಓಡಿ ಬಂದು, ನನ್ನನ್ನು ಕಂಡು ಹಾಗೇ ಕುಸಿದು ಕೂತರು. ಆಗಲೇ ನನಗೆ ಗೊತ್ತಾದದ್ದು, ಕೂಗಿದವನು ನಾನೇ ಎಂದು. ಮಾಡಬೇಕೆಂದು ಮಾಡಿದ ದನಿಯಲ್ಲ ಅದು. ಬಂತು.

ಬಾಣಲೆ ಇಳಿಯಿತು. ಕಿಟಕಿ ತೆರೆಯಿತು. ನಾನು ಕಾಲು ತೊಳೆದು ಒಳಗೆ ಹೋಗಿ ಸೊಪ್ಪು ಹಾಕಿದೆ. ತಟ್ಟೆಗಳಲ್ಲಿ ಮಳೆ ಶುರುವಾಯಿತು. ಎಷ್ಟೋ ಮದುವೆಗಳಲ್ಲಿ ಆ ಸದ್ದು ಮಾಡಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ಕೇಳಿದೆ.

ಗೂಡು ಕಟ್ಟಿದವು. ಬೆಳ್ಳಗೆ, ಗಟ್ಟಿಯಾಗಿ, ಬಿದಿರು ಹೆಣೆದ ಚಂದ್ರಿಕೆ ತಟ್ಟೆಯ ಸಂದು ಸಂದಿನಲ್ಲೂ. ನೋಡಲು ಮೊದಲು ಬಂದವನು ಮೇಲಿನ ಬೀದಿಯ ಅದೇ ರೇಷ್ಮೆಯವನು. ಬಾಗಿಲಾಚೆ ನಿಂತು ಕತ್ತು ಚಾಚಿ, ಗಂಟಲು ಸರಿಮಾಡಿಕೊಂಡ.

"ಮುಂದಿನ್ ಚಾಕಿ ಯಾವಾಗ ಕೊಡ್ತೀಯಪ್ಪಾ?"

ಯಾರ ದನಿಯಲ್ಲಿ ಉತ್ತರ ಕೊಡಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಕೊನೆಗೆ ನನ್ನದರಲ್ಲೇ ಅಂದೆ.

"ಮೊದ್ಲು ಕಾಲು ತೊಳ್ಕಂಡು ಒಳೀಕೆ ಬಾ."