ಮೊದಲ ಬೆರಳು ಅವರದು

ಸುಶೀಲಾ ಸಿಸ್ಟರ್ ಯಾರ ಬೆರಳಿಗೆ ಸೂಜಿ ಚುಚ್ಚುವ ಮೊದಲೂ ತಮ್ಮ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದರು. ಮಸ್ಕಿಯಲ್ಲಿ ಅವರದು ಒಂದೇ ಕೋಣೆಯ ಮನೆ. ಮುಂಜಾನೆ ಅದರ ಕಟ್ಟೆಯ ಮೇಲೆ ಸಕ್ಕರೆ ಕಾಯಿಲೆಯ ನಾಲ್ಕಾರು ಜನ ಬರಿಹೊಟ್ಟೆಯಲ್ಲಿ ಕೂತಿರುತ್ತಿದ್ದರು. ಸಿಸ್ಟರ್ ತಮ್ಮ ಎಡಗೈಯ ಉಂಗುರಬೆರಳು ಹಿಂಡಿ, ರಕ್ತದ ಹನಿಯನ್ನು ಸಕ್ಕರೆ ನೋಡುವ ಪಟ್ಟಿಯ ಮೇಲೆ ಇಳಿಸಿ, ಕೈಗಡಿಯಾರ ನೋಡುತ್ತ ನಿಲ್ಲುವರು. ಹೊತ್ತಾಯಿತೆನ್ನುವಾಗ ಹನಿಯನ್ನು ಹತ್ತಿಯಿಂದ ಒರೆಸಿ ಪಟ್ಟಿಯನ್ನು ಯಂತ್ರದೊಳಗೆ ತೂರಿಸುವರು. ತೊಂಬತ್ತರ ಆಸುಪಾಸು ಬಂದರೆ ತಲೆ ಆಡಿಸಿ, "ಮಷೀನು ಸರಿ ಐತಿ, ಬರ್ರಿ ಒಬ್ಬೊಬ್ರ" ಎನ್ನುವರು.

ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಇಲ್ಲದ್ದಕ್ಕೇ ಈ ಪದ್ಧತಿ. "ತಕ್ಕಡಿಗೆ ಕಲ್ಲು ಹೆಂಗೋ, ಇದಕ್ಕ ನಾ ಹಂಗ ನೋಡ್ರಿ ಸರ" ಎಂದು ಒಮ್ಮೆ ನನಗೆ ಹೇಳಿದ್ದರು. ನಾನಾಗ ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಸ್ಸು ಹತ್ತುವ ಮುನ್ನ ಅವ್ವನನ್ನು ಅವರಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ನಮ್ಮ ಕಡೆ ಇಂಥ ಯಂತ್ರ ಅಪರೂಪವಾಗಿತ್ತು. ಸಿಸ್ಟರ್ ಕೈಕೆಳಗೆ ಕೆಲಸ ಮಾಡಿದ್ದ ಡಾಕ್ಟರೊಬ್ಬರು ಊರು ಬಿಡುವಾಗ ಅವರಿಗೆ ಕೊಟ್ಟು ಹೋಗಿದ್ದರಂತೆ. ಬರೆಯುವಾಗ ನೋಡುತ್ತೇನೆ: ಡಾಕ್ಟರ ಕೈಕೆಳಗೆ ಸಿಸ್ಟರ್ ಇದ್ದರು ಎಂದಿರಬೇಕಿತ್ತು. ಆದರೆ ನನ್ನ ನೆನಪಿನಲ್ಲಿ ಅವರು ಯಾರ ಕೈಕೆಳಗೂ ಇರುವಂತೆ ಕಾಣುವುದಿಲ್ಲ.

ಬೆಲ್ಲದ ಅಂಗಡಿಯ ಶರಣಪ್ಪ ಒಂದು ದಿನ ಅಂಗಡಿ ತೆರೆದವನೇ ನೇರ ಅಲ್ಲಿಗೆ ಬಂದ. ಯಂತ್ರ ನಾನೂರರ ಮೇಲೆ ತೋರಿಸಿತು. ಶರಣಪ್ಪ ಕಟ್ಟೆಗೆ ಒರಗಿ, ಮಗ ಇನ್ನೂ ಸಣ್ಣವನು, ಅಂಗಡಿ ಯಾರು ನಡೆಸಬೇಕು ಎಂದು ಅಳಲು ಶುರುಮಾಡಿದ. ಸಿಸ್ಟರ್ ಅವನ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು.

"ನಿನ್ನ ರಕ್ತ ಅಲ್ಲಲೇ, ನಿನ್ನ ಅಂಗಡಿ ಬೆಲ್ಲ ತೋರ್ಸಾಕತ್ತೈತಿ ಇದು. ಏಳು, ಸಬ್ಬು ಹಚ್ಚಿ ಕೈ ತೊಳಿ."

ತೊಳೆದು ಬಂದ ಮೇಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮುಂದೆ ಅವನು ಬಂದಾಗಲೆಲ್ಲ ಮಗನಿಗೆ ಅಂಗಡಿ ಬರೆದುಕೊಟ್ಟೆಯಾ ಎಂದು ಕಟ್ಟೆಯ ಮಂದಿ ಕೇಳುತ್ತಿದ್ದರು.

ಚುಚ್ಚಿದ ಮೇಲೆ ಪ್ರತಿಯೊಬ್ಬರ ಬೆರಳಿಗೂ ಹತ್ತಿ ಒತ್ತಿ, ರಕ್ತ ನಿಲ್ಲುವತನಕ ತಾವೇ ಹಿಡಿದುಕೊಳ್ಳುವರು. ತಮ್ಮ ಬೆರಳನ್ನು ಮಾತ್ರ ಹೆಬ್ಬೆರಳಿನಿಂದ ಒತ್ತಿಕೊಂಡು ಮುಂದಿನವರನ್ನು ಕರೆಯುವರು. ಎಲ್ಲರೂ ಹೋದ ಮೇಲೆ ಆ ಕೋಣೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಆಗ ಇದು ನನ್ನ ತಲೆಗೆ ಬಂದಿತ್ತೋ, ಈಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಒಂದು ಬೇಸಿಗೆ ಅವರ ಬೆರಳಿಗೆ ಇನ್ನೂರ ಮೂವತ್ತು ಬಂತು. ಬಿಸಿಲಿಗೆ ಪಟ್ಟಿ ಕೆಟ್ಟಿವೆ ಎಂದು ಹೊಸ ಡಬ್ಬಿ ಒಡೆದರು. ಮತ್ತೆ ಹಾಗೇ. ಅವರು ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಮಂಚದಡಿಯ ಟ್ರಂಕಿಗೆ ಹಾಕಿಬಿಟ್ಟರು. ಮೊನ್ನೆ ತನಗೆ ಎಂದಿನಂತೆಯೇ ತೋರಿಸಿತಲ್ಲ ಎಂದು ಅವ್ವ ವಾದಿಸಿದಳು. "ಸಣ್ಣ ಹೆಚ್ಚುಕಮ್ಮಿ ಎಲ್ಲಾರೂ ಮಾತಾಡ್ತಾರಬೇ. ಇದು ಬಾಯಿಗೆ ಬಂದಂಗ ಮಾತಾಡಾಕತ್ತೈತಿ" ಎಂದು ಸಿಸ್ಟರ್ ಅವಳ ಬಾಯಿ ಮುಚ್ಚಿಸಿದರು. ನಂಬಿಕೆ ಇಲ್ಲದ ಯಂತ್ರದಿಂದ ಯಾರಿಗೂ ನೋಡುವುದಿಲ್ಲವೆಂದು ಕಟ್ಟೆಯ ಮಂದಿಯನ್ನೆಲ್ಲ ಹಿಂದೆ ಕಳಿಸಿದರು.

ಕೆಲಸದ ಮೇಲೆ ಹೈದರಾಬಾದಿಗೆ ಹೋದವನು ಅವರ ಮಾತಿನಂತೆ ಹೊಸ ಯಂತ್ರ ತಂದೆ. ಸಿಸ್ಟರ್ ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಂಡರು. ಇನ್ನೂರ ನಲವತ್ತು. ಒಳಗೆ ಹೋಗಿ ಸಬ್ಬು ಹಚ್ಚಿ ಕೈ ತೊಳೆದುಕೊಂಡು ಬಂದರು. ಇನ್ನೊಂದು ಕೈಯ ಬೆರಳು ಚುಚ್ಚಿದರು. ಮತ್ತೆ ಒಳಗೆ ಹೋದರು. ಬಚ್ಚಲಲ್ಲಿ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮರುದಿನ ಎರಡೂ ಯಂತ್ರ ಹಿಡಿದುಕೊಂಡು ನನ್ನನ್ನೂ ಅವ್ವನನ್ನೂ ಲಿಂಗಸುಗೂರಿನ ಬಸ್ಸು ಹತ್ತಿಸಿದರು. ಅಲ್ಲಿಯ ಲ್ಯಾಬಿನಲ್ಲಿ ಅವ್ವನ ತೋಳಿನಿಂದ ರಕ್ತ ತೆಗೆಯುವಾಗಲೇ ಸಿಸ್ಟರ್ ಅವಳ ಬೆರಳಿನ ಹನಿಯನ್ನು ಒಂದಾದ ಮೇಲೊಂದು ಎರಡೂ ಯಂತ್ರಗಳಲ್ಲಿ ನೋಡಿದರು. ಮಧ್ಯಾಹ್ನ ಲ್ಯಾಬಿನ ಫಲಿತಾಂಶ ಬಂತು. ಮೂರೂ ಅಂಕಿ ಹೆಚ್ಚುಕಡಿಮೆ ಒಂದೇ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಿಸ್ಟರ್ ಎರಡು ಯಂತ್ರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಎರಡೂ ಸರಿ ಅದಾವ" ಎಂದರು.

"ಛಲೋ ಆತಲ್ಲ ಮತ್ತ" ಎಂದಳು ಅವ್ವ.

"ಹೂಂ. ಛಲೋ ಆತು."

ಅವರು ಆಗ ನಕ್ಕರೆಂದು ನನ್ನ ನೆನಪು. ನಗಲಿಲ್ಲ ಎನ್ನುತ್ತಾಳೆ ಅವ್ವ. ಎರಡೂ ಯಂತ್ರ ಸರಿಯಿದ್ದುದರ ಅರ್ಥ ಅವಳಿಗೆ ತಿಳಿದದ್ದು ಮಸ್ಕಿಯಲ್ಲಿ ಬಸ್ಸಿಳಿದ ಮೇಲೆ, ನಾನು ಹೇಳಿದಾಗ. ಆದ್ದರಿಂದ ಅವಳ ಮಾತನ್ನೂ ಪೂರ್ತಿ ನಂಬಲಾರೆ.

ಎರಡು ದಿನ ಬಿಟ್ಟು ಕಟ್ಟೆ ಮತ್ತೆ ತುಂಬಿತು. ಸಿಸ್ಟರ್ ಸೂಜಿ ಹಿಡಿದು ಎಲ್ಲರ ಮುಖವನ್ನೂ ನೋಡಿ ನನ್ನ ಮುಂದೆ ಬಂದು ನಿಂತರು.

"ಸರ, ನಿಮ್ಮ ಬೆರಳ ಕೊಡ್ರಿ."

"ನನಗ ಸಕ್ರಿ ಇಲ್ಲಲ್ರಿ ಸಿಸ್ಟರ."

"ಅದಕ್ಕ ಕೇಳಾಕತ್ತೀನಿ."

ಅಂದಿನಿಂದ ಮೊದಲ ಬೆರಳು ನನ್ನದಾಯಿತು. ಮೊದಲೆಲ್ಲ ತಮ್ಮ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದವರು ಆಮೇಲೆ ಯಾವಾಗ ನೋಡಿಕೊಳ್ಳುತ್ತಿದ್ದರೋ, ನೋಡಿಕೊಳ್ಳುತ್ತಿದ್ದರೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಕೇಳಿದರೆ, "ಗುಳಿಗಿ ತಗೊಂತೀನ್ರಿ" ಎಂದಷ್ಟೇ ಹೇಳುವರು.

ಮುಂದೆ ಅವರ ಕಾಲಿಗಾದ ಗಾಯವೊಂದು ಮಾಯಲಿಲ್ಲ. ಯಂತ್ರವನ್ನು ನನ್ನ ಕೈಗೆ ಕೊಟ್ಟು ಲಿಂಗಸುಗೂರಿನ ತಂಗಿಯ ಮನೆಗೆ ಹೋದರು. ನೋಡಲು ಹೋದಾಗ ಯಂತ್ರ ಒಯ್ದಿದ್ದೆ. ಅದನ್ನು ಕಂಡು ಎದ್ದು ಕೂತರು.

"ಮೊದಲ ನಿಮ್ದು ನೋಡ್ರಿ" ಎಂದರು.

ಚುಚ್ಚಿಕೊಂಡೆ. ತೊಂಬತ್ತೆರಡೋ, ತೊಂಬತ್ತಾರೋ. ತಲೆ ಆಡಿಸಿ ಅವರೇ ಕೈ ಚಾಚಿದರು. ಚುಚ್ಚಿ, ಅವರ ಅಂಕಿಯನ್ನು ಓದಲು ಹೋದೆ. ಬೇಡವೆಂಬಂತೆ ಮುಖ ಗೋಡೆಯ ಕಡೆ ತಿರುಗಿಸಿದರು. ಓದಲಿಲ್ಲ. ಅವರ ಬೆರಳಿಗೆ ಹತ್ತಿ ಒತ್ತಿ ಹಿಡಿದು ಕೂತೆ. ಬೆರಳ ತುದಿ ಕಾಯಿ ಕಟ್ಟಿ ಗಟ್ಟಿಯಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆಯೇ ನೋಡುತ್ತ, "ರಕ್ತ ನಿಂತೈತ್ರಿ ಸರ, ಬಿಡ್ರಿ" ಎಂದರು.

ಅದೇ ಕೊನೆಯ ಭೇಟಿ. ಬೆರಳನ್ನು ಕೂಡಲೇ ಬಿಡಲಿಲ್ಲವೆಂದು ಬರೆಯಲು ಆಸೆಯಾಗುತ್ತದೆ. ಆದರೆ ನನಗೆ ಖಚಿತವಾಗಿ ನೆನಪಿರುವುದು, ಮಸ್ಕಿಯ ಬಸ್ಸಿಗೆ ಹೊತ್ತಾಗುತ್ತಿತ್ತು ಎಂಬುದು ಮಾತ್ರ.