ಫೋಟೊದಿಂದ ಜಾರಿದ ಶಾಲು

ಕಳೆದ ಶುಕ್ರವಾರ ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವದಲ್ಲಿ, ವೇದಿಕೆಯ ಹಿಂದಿನ ಕೋಣೆಯಲ್ಲಿ, ತಾಯಿಯೊಬ್ಬರು ಕುಣಿದು ಬಂದ ಮಗಳ ಮುಖದ ಬಣ್ಣವನ್ನು ತೆಂಗಿನೆಣ್ಣೆ ಹಚ್ಚಿ ಒರೆಸುತ್ತಿದ್ದರು. ಎಣ್ಣೆಗೆ ಪೌಡರ್ ಬೆರೆತ ಆ ವಾಸನೆ... ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಬಣ್ಣ ತೆಗೆಯುವ ಆ ಉಪಾಯ ನನಗೆ ಹೇಳಿಕೊಟ್ಟವರೇ ಅವರು.

ಇಲ್ಲಿ ಗಲ್ಫಿನ ಐನ್ ಖಾಲಿದ್‌ನಲ್ಲಿ ನಮ್ಮದು ಒಂದೇ ಕಾಂಪೌಂಡ್. ಮಗ, ಸೊಸೆ, ಮೊಮ್ಮಗಳು ಆಫೀಸಿಗೆ ಹೋದರೆ ಸಂಜೆಯವರೆಗೆ ಅವರು ಒಬ್ಬರೇ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಅವರ ಅಡುಗೆಮನೆಯಲ್ಲಿ ಹೋಗಿ ಕೂರುತ್ತಿದ್ದೆ. ಅವರು ತುಳು ಸಿನಿಮಾದ ಮೊದಲ ದಿನಗಳ ನಟಿ ಎಂದು ತಿಳಿದದ್ದು ಅಲ್ಲಿಯೇ. ನಾಟಕದ ತಂಡದಿಂದ ಹೋದ ಹುಡುಗಿ, ಕೆಲವೇ ಕಪ್ಪುಬಿಳುಪು ಚಿತ್ರಗಳು. ಒಂದರ ಪ್ರತಿಯೂ ಈಗ ಉಳಿದಿಲ್ಲ.

"ಬೇರೆಯವರಿಗೆ ಹಾಡಲಿಕ್ಕೆ ಒಬ್ಬಳು, ಕುಣಿಯಲಿಕ್ಕೆ ಒಬ್ಬಳು. ನಮ್ಮ ಪ್ರೊಡ್ಯೂಸರಿಗೆ ಎರಡಕ್ಕೂ ನಾನೇ ಮಾರಾಯ್ತಿ, ಅಗ್ಗಕ್ಕೆ!" ಎಂದು ನಗುತ್ತಿದ್ದರು.

ಮದುವೆಯಾದ ಮೇಲೆ ಸಿನಿಮಾ, ಹಾಡು ಎಲ್ಲ ಬೇಡ ಎಂದು ಗಂಡ ಹೇಳಿದರು. ಗಂಡ ತೀರಿಕೊಂಡ ಮೇಲೆ ಮಗನೂ ಅದನ್ನೇ ಹೇಳಿದ. ಅವನಿಗೆ ಮರ್ಯಾದೆ ಕೊಟ್ಟು ಬರೆಯಲು ಇವತ್ತು ನನಗೆ ಮನಸ್ಸಿಲ್ಲ. ದೊಡ್ಡಮ್ಮ ಪಾತ್ರೆ ತೊಳೆಯುತ್ತಾ ನನ್ನೊಬ್ಬಳಿಗೆ ಒಂದು ಹಾಡು ಹಾಡುತ್ತಿದ್ದರು. ಗೇಟಿನಲ್ಲಿ ಮಗನ ಕಾರಿನ ಸದ್ದು ಕೇಳಿದರೆ ಅರ್ಧಕ್ಕೇ ನಿಲ್ಲಿಸಿ, ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದರು.

ಸಂಘದ ವೇದಿಕೆಯಲ್ಲಿ ಒಮ್ಮೆ ಆ ಹಾಡನ್ನು ಪೂರ್ತಿ ಹಾಡಬೇಕು ಎಂಬುದೊಂದೇ ಅವರ ಆಸೆ. ನನ್ನೆದುರೇ ಮಗನನ್ನು ಕೇಳಿದರು.

"ಮಗಳಿಗೆ ಸಂಬಂಧ ನೋಡ್ತಾ ಇದ್ದೇವಲ್ಲ ಅಮ್ಮ? ಸಿನಿಮಾದವರ ಮನೆ ಅಂತ ಹೇಳಿಸಿಕೊಳ್ಳಬೇಕಾ? ಖಲಾಸ್, ಆ ವಿಷಯ ಬಿಡಿ."

"ಆಯ್ತು ಮಗ, ಈಗ ಪ್ರೊಡ್ಯೂಸರ್ ನೀನು," ಎಂದು ಅವನಿಗೆ ಅನ್ನ ಬಡಿಸಿದರು.

ಹೋದ ವರ್ಷ ತೀರಿಕೊಂಡರು. ಮೊಮ್ಮಗಳ ಮದುವೆಯೂ ಮುಗಿಯಿತು. ಈಗ ಹಳೆಯ ಸಿನಿಮಾ ಎಂದರೆ ಎಲ್ಲರಿಗೂ ಹೆಮ್ಮೆ. ಹಾಗಾಗಿ ಶುಕ್ರವಾರ ಹಿರಿಯ ಕಲಾವಿದೆಗೆ ಮರಣೋತ್ತರ ಸನ್ಮಾನ! ಶಾಲನ್ನು ಅವರ ಫೋಟೊಗೆ ಹೊದಿಸಿದರು. ಅದು ಜಾರಿತು. ಮಗ ಅದನ್ನೆತ್ತಿ ತನ್ನ ಹೆಗಲಿಗೆ ಹಾಕಿಕೊಂಡ, ಪೇಟವನ್ನು ತನ್ನ ತಲೆಗೇ ಇಟ್ಟುಕೊಂಡ.

"ಅಮ್ಮನಿಗೆ ಹಾಡೆಂದರೆ ಪ್ರಾಣ. ನಾವು ಎಂದೂ ತಡೆದವರಲ್ಲ," ಎಂದು ಮೈಕಿನಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿ ಕೂತಿದ್ದೆ.

ಊಟದ ಸಾಲಿನಲ್ಲಿ, ಪೇಟ ಇನ್ನೂ ತಲೆಯ ಮೇಲಿರುವಾಗಲೇ, ನನ್ನ ಬಳಿ ಬಂದ.

"ಅಮ್ಮನ ಆ ಹಾಡು ನಿನಗೆ ಬರ್ತದಲ್ಲ? ರೆಕಾರ್ಡ್ ಮಾಡಿ ಕಳಿಸು, ಗ್ರೂಪಿಗೆ ಹಾಕುವ."

"ಅರ್ಧ ಮಾತ್ರ ಬರ್ತದೆ."

"ಉಳಿದದ್ದು?"

"ಅಷ್ಟರಲ್ಲಿ ನಿಮ್ಮ ಕಾರು ಬರ್ತಿತ್ತು," ಎಂದೆ.